ಹಾನಗಲ್ಲ ಸೀಮೆಯ ಹತ್ತಿ, ಕುಮಟೆಯ ಪತ್ತೆಮಾರಿ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಚರಿತ್ರೆಯಲ್ಲಿ ಗುಡಿ, ಕೋಟೆ, ಕೆರೆ, ನವಾಬರು, ಶಿಶುನಾಳದ ಶರೀಫಜ್ಜ ಎಲ್ಲರೂ ಬರುತ್ತಾರೆ. ಹಡಗು ಮಾತ್ರ ಬರುವುದಿಲ್ಲ. ಕಡಲಿಲ್ಲದ ಸೀಮೆಗೆ ಹಡಗಿನ ಗೊಡವೆ ಏಕೆ ಎಂದು ಕೇಳುವವರಿಗೆ ಒಂದೇ ಸಂಗತಿ ಸಾಕು. ಹತ್ತೊಂಬತ್ತನೇ ಶತಮಾನದಲ್ಲಿ ಧಾರವಾಡ ಸೀಮೆಯ ದೇಶಿ ಹತ್ತಿ ಲಿವರ್‌ಪೂಲಿನ ಪೇಟೆಯಲ್ಲಿ ‘ಕುಮಟಾ’ ಎಂಬ ಹೆಸರಿನಲ್ಲಿ ಬಿಕರಿಯಾಗುತ್ತಿತ್ತು. ಹತ್ತಿ ಬೆಳೆದದ್ದು ಘಟ್ಟದ ಮೇಲೆ, ಹೆಸರು ಬಂದದ್ದು ಅದು ಹಡಗು ಹತ್ತಿದ ಬಂದರಿನಿಂದ. ಆ ಹಡಗುಗಳನ್ನು ಕಟ್ಟಿದವರ ಕಸುಬು ನಮ್ಮ ಒಳನಾಡಿನ ಚರಿತ್ರೆಗೂ ಸೇರಿದ್ದು ಎಂಬುದು ನನ್ನ ನಂಬಿಕೆ.

ನಂಟು ಇನ್ನೂ ಹಳೆಯದು. ಪಾನುಂಗಲ್ಲಿನಿಂದ, ಅಂದರೆ ಇಂದಿನ ಹಾನಗಲ್ಲಿನಿಂದ, ಆಳಿದ ಕದಂಬರೂ ಗೋವೆಯ ಕದಂಬರೂ ಬನವಾಸಿಯ ಮೂಲವನ್ನೇ ಹೇಳಿಕೊಂಡವರು. ಹಾನಗಲ್ಲಿನವರು ವರದೆಯ ದಂಡೆಯ ನಾಡನ್ನು ಕಾದರು, ಗೋವೆಯವರು ನೀರಿಗಿಳಿದರು. ಗೋವೆಯ ವಸ್ತುಸಂಗ್ರಹಾಲಯದಲ್ಲಿ ಕದಂಬರ ಕಾಲದ ಹಡಗು ಕಾಳಗದ ವೀರಗಲ್ಲೊಂದಿದೆ. ಹಾನಗಲ್ಲ ಕಡೆಯ ವೀರಗಲ್ಲುಗಳಲ್ಲಿ ತುರುಗಳೂ ಕುದುರೆಗಳೂ ಇರುವ ಎಡೆಯಲ್ಲಿ ಅಲ್ಲಿ ಹಡಗು, ಹುಟ್ಟು ಹಾಕುವವರ ಸಾಲು. ಕಾರವಾರದ ನೌಕಾನೆಲೆಗೆ ‘ಐಎನ್‌ಎಸ್ ಕದಂಬ’ ಎಂದು ಹೆಸರಿಟ್ಟದ್ದು ಸುಮ್ಮನಲ್ಲ.

ಕರಾವಳಿಯ ಹಳೆಯ ದೋಣಿಗಳಲ್ಲಿ ಮೊಳೆಯ ಕೆಲಸ ಕಡಿಮೆ. ಮಾವಿನ ಮರದ ದಿಮ್ಮಿಯನ್ನು ಕೊರೆದು ಮಾಡಿದ ಪಾತಿ ದೋಣಿ ಹೊಳೆಗೆ, ಅಳಿವೆಗೆ ಸಾಕು. ಅದಕ್ಕಿಂತ ದೊಡ್ಡದು ಬೇಕೆಂದರೆ ಹಲಗೆಗಳನ್ನು ಹೊಲಿಯುತ್ತಿದ್ದರು. ಎರಡು ಹಲಗೆಗಳ ಅಂಚನ್ನು ಒಂದಕ್ಕೊಂದು ಕೂರುವಂತೆ ಕೆತ್ತಿ, ಅಂಚಿನುದ್ದಕ್ಕೂ ಎದುರುಬದುರಾಗಿ ತೂತು ಕೊರೆದು, ಸಂದಿನ ಮೇಲೆ ತೆಂಗಿನ ನಾರಿನ ಮೆತ್ತೆಯಿಟ್ಟು, ನಾರಿನ ಹುರಿಯಿಂದ ಬಿಗಿಯಾಗಿ ಹೊಲಿದು, ತೂತಿಗೂ ಸಂದಿಗೂ ಎಣ್ಣೆಯಲ್ಲಿ ಕಾಸಿದ ರಾಳ ತುಂಬುವುದು. ಮೊದಲು ಹೊರಮೈ ಎದ್ದು ನಿಲ್ಲುತ್ತದೆ, ಒಳಗಿನ ಬಾಗುಮರಗಳು ಆಮೇಲೆ. ನಕ್ಷೆಯಿಲ್ಲ, ಅಳತೆಯೆಲ್ಲ ಮೇಸ್ತ್ರಿಯ ಕಣ್ಣಲ್ಲಿ. ಅಲೆ ಎತ್ತಿ ಮರಳಿಗೆ ಬಡಿದಾಗ ಹೊಲಿದ ದೋಣಿ ತುಸು ಬಾಗುತ್ತದೆ, ಮೊಳೆ ಹೊಡೆದದ್ದು ಸೀಳುತ್ತದೆ. ಬಂದರಿಲ್ಲದ ಬರಿ ದಂಡೆಯಲ್ಲಿ ರಂಪಣಿ ಬಲೆ ಬಿಡುವವರು ಇಂಥ ದೋಣಿಯನ್ನೇ ನೆಚ್ಚಿಕೊಂಡಿದ್ದು ಈ ಕಾರಣಕ್ಕೆ.

ಹತ್ತಿ ಹೊತ್ತ ಪತ್ತೆಮಾರಿಯದು ಬೇರೆ ಲೆಕ್ಕ. ಉದ್ದಕ್ಕೆ ಮುಂಚಾಚಿದ ಮೂತಿ, ಮುಂದಕ್ಕೆ ವಾಲಿದ ಎರಡು ಕೂವೆ, ಓರೆಯಾಗಿ ಕಟ್ಟಿದ ಹಾಯಿ. 1834ರ ಸುಮಾರಿಗೆ ಈ ಕರಾವಳಿಯ ಹಡಗುಗಳನ್ನು ಅಳೆದು ಬರೆದ ಜಾನ್ ಎಡೈ, ದೊಡ್ಡ ಪತ್ತೆಮಾರಿಗೆ ಸುಮಾರು 76 ಅಡಿ ಉದ್ದ, 25 ಅಡಿ ಅಗಲ, 200 ಟನ್ ಹೊರೆ ಎಂದು ಕೊಟ್ಟಿದ್ದಾರೆ. ಮೈಗೆ ತೇಗ, ಒಳಗಿನ ಬಾಗುಮರಗಳಿಗೆ ಕಾಡು ಜಾತಿಯ ಗಟ್ಟಿ ಮರ. ಕರಾವಳಿಯ ಬೇರೆ ದೋಣಿಗಳಿಗೆ ಹೆಬ್ಬಲಸು, ನಂದಿ ಮರಗಳೂ ಬಳಕೆಯಲ್ಲಿದ್ದವು. ಪತ್ತೆಮಾರಿಯ ಹಲಗೆಗಳ ನಡುವೆ ರಾಳ ಸವರಿದ ಹತ್ತಿ ಇಟ್ಟು ಬಿಗಿಯುತ್ತಿದ್ದರು. ಹಡಗಿನ ಹೊಟ್ಟೆಯಲ್ಲೂ ಹತ್ತಿ, ಸಂದಿನಲ್ಲೂ ಹತ್ತಿ.

ಇಡೀ ವಹಿವಾಟು ಮಳೆಗೆ ಹೆದರಿಕೊಂಡು ನಡೆಯುತ್ತಿತ್ತು. ಹಿಂಗಾರಿನ ಹತ್ತಿ ಬಿಡಿಸುವುದು ಶಿವರಾತ್ರಿಯ ಆಚೀಚೆ. ಅರಳೆ ಹೊತ್ತ ಲಂಬಾಣಿಗರ ಹೇರೆತ್ತುಗಳೂ, ರಸ್ತೆ ಸುಧಾರಿಸಿದ ಮೇಲೆ ಚಕ್ಕಡಿಗಳೂ ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು ಕುಮಟೆ ಸೇರಬೇಕು. ಅಲ್ಲಿಂದ ಮುಂಬಯಿಗೆ ಹಾಯಿ ಎತ್ತಬೇಕು. ಮೇ ಕೊನೆಗೆ ಕಡಲು ಮುಚ್ಚಿತೆಂದರೆ ಹಡಗುಗಳನ್ನು ದಂಡೆಗೆಳೆದು ಮಡಲು ಹೊದಿಸುವುದು. ಉಳಿದ ಮಾಲು ನೂಲಹುಣ್ಣಿಮೆ ಕಳೆಯುವವರೆಗೆ ಅಲ್ಲೇ. ಮರಳುವ ಎತ್ತುಗಳ ಮೇಲೆ ಸಾಣಿಕಟ್ಟೆಯ ಉಪ್ಪು, ತೆಂಗು. ಹಿರೇಕೆರೂರಿನ ಅಡುಗೆಮನೆಯ ಉಪ್ಪಿಗೂ ಕುಮಟೆಯ ಬಡಗಿಗೂ ಇದ್ದ ಸಂಬಂಧ ಇಷ್ಟು ನೇರ.

ಯುದ್ಧನೌಕೆಗಳ ಕಥೆಯನ್ನು ಇಲ್ಲಿ ಹಿಗ್ಗಿಸುವುದಿಲ್ಲ. ಹೈದರಲಿ ಕಟ್ಟಿಸಿದ ನೌಕಾಬಲವನ್ನು 1780ರಲ್ಲಿ ಇಂಗ್ಲಿಷರು ಮಂಗಳೂರಿನಲ್ಲಿ ನಾಶಮಾಡಿದರು. ಟಿಪ್ಪು ಮತ್ತೆ ಯೋಜನೆ ಹಾಕಿದರೂ ಅದು ಪೂರ್ತಿ ಕೈಗೂಡಲಿಲ್ಲ. ಆಮೇಲೆ ಪಶ್ಚಿಮ ಕರಾವಳಿಯ ತೇಗ ಮುಂಬಯಿಯ ಹಡಗುಕಟ್ಟೆಗೆ ಹರಿಯಿತು. ಅಲ್ಲಿ ವಾಡಿಯಾ ಮನೆತನದವರು 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೋಮಲೀ’ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ಇವತ್ತಿಗೂ ತೇಲುತ್ತಿದೆ. ವಾಡಿಯಾರ ಹೆಸರುಗಳೆಲ್ಲ ದಾಖಲೆಯಲ್ಲಿವೆ. ಪತ್ತೆಮಾರಿ ಕಟ್ಟಿದ ನಮ್ಮ ಮೇಸ್ತ್ರಿಗಳ ಹೆಸರು ಯಾವ ಪುಸ್ತಕದಲ್ಲಿ ಹುಡುಕಬೇಕು? ಈ ಅಸಮಾನತೆ ನನ್ನನ್ನು ನೋಯಿಸುತ್ತದೆ.

ಅಮೆರಿಕದ ಅಂತರ್ಯುದ್ಧದಿಂದ (1861–65) ಹತ್ತಿಯ ಬೆಲೆ ಗಗನಕ್ಕೇರಿದಾಗ ಮ್ಯಾಂಚೆಸ್ಟರಿನ ಕಣ್ಣು ಧಾರವಾಡ ಸೀಮೆಯ ಮೇಲೆ ಬಿತ್ತು. ಕಾರವಾರವನ್ನು ಹತ್ತಿಯ ಬಂದರಾಗಿಸುವ ಒತ್ತಾಯದಲ್ಲೇ 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಆದರೆ 1880ರ ದಶಕದಲ್ಲಿ ರೈಲು ಹುಬ್ಬಳ್ಳಿಗೆ ಬಂತು, ಗೋವೆಯ ಮುರಗಾಂವ್ ಬಂದರಿಗೆ ಹಳಿ ಇಳಿಯಿತು. ಸವಣೂರಿನ ಹತ್ತಿಯ ಅಂಡಿಗೆ ಶಿರಸಿಯ ದಾರಿ ಮರೆತಿತು. ಪತ್ತೆಮಾರಿಗಳು ಹೆಂಚು, ಉಪ್ಪು, ತೆಂಗಿಗೆ ತಿರುಗಿದವು. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳು ಆ ಪರಂಪರೆಯ ಕೊನೆಯ ಕೊಂಡಿ.

ಎಂಜಿನ್ ಬಂದದ್ದು ಸ್ವಾತಂತ್ರ್ಯದ ಬಳಿಕ, ಮೀನುಗಾರಿಕೆಯ ಮೂಲಕ. 1950–60ರ ದಶಕಗಳಲ್ಲಿ ಮರದ ಯಾಂತ್ರಿಕ ದೋಣಿಗಳು ಮಲ್ಪೆ, ಮಂಗಳೂರು, ಕಾರವಾರಗಳಲ್ಲಿ ಕಾಣಿಸಿಕೊಂಡವು. ಬಡಗಿಗಳು ಇದನ್ನು ಅರಗಿಸಿಕೊಂಡ ಬಗೆಗೆ ತಲೆಬಾಗಬೇಕು. ದೊಡ್ಡ ಡೀಸೆಲ್ ಎಂಜಿನ್ನಿನ ಅದುರಾಟವನ್ನು ಹೊಲಿಗೆ ತಾಳದು. ಆದ್ದರಿಂದ ಕ್ರಮವೇ ತಲೆಕೆಳಗಾಯಿತು: ಮೊದಲು ತಳದ ತೊಲೆ, ಅದರ ಮೇಲೆ ಬಾಗುಮರಗಳು, ಕೊನೆಗೆ ಹಲಗೆ. ಎಂಜಿನ್ ಕೂರಲು ಗಟ್ಟಿ ಹಾಸು ಬೇಕಾಯಿತು, ಚೂಪಾಗಿದ್ದ ಹಿಂಭಾಗ ಅಗಲವಾಯಿತು. 1970ರ ದಶಕದ ನಡುವೆ ಪರ್ಸೀನ್ ಬಲೆ ಬಂದ ಮೇಲೆ ರಂಪಣಿಯ ಜೊತೆಗೆ ಹೊಲಿದ ದೋಣಿಯೂ ಮೂಲೆ ಸೇರಿತು. ಒಳ್ಳೆಯ ಮರ ದುಬಾರಿಯಾದಂತೆ ಫೈಬರ್ ಬಂತು, ಆಮೇಲೆ ಉಕ್ಕು. ಇಂದು ಮಲ್ಪೆಯಲ್ಲಿ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಉಕ್ಕಿನ ಹಡಗು ಕಟ್ಟುತ್ತಿದೆ.

ಹೊಲಿಗೆ ಮುಗಿದೇಹೋಯಿತು ಎನ್ನುವಾಗ 2025ರ ಮೇ 21ರಂದು ಕಾರವಾರದಲ್ಲಿ ‘ಕೌಂಡಿನ್ಯ’ ನೌಕಾಪಡೆ ಸೇರಿತು. ಅಜಂತಾದ ಚಿತ್ರವೊಂದನ್ನು ನೋಡಿ ಗೋವೆಯಲ್ಲಿ ಕಟ್ಟಿದ, ಎಂಜಿನ್ ಇಲ್ಲದ ಹೊಲಿಗೆಯ ಹಡಗು ಅದು. ಹಾಯಿಯ ಮೇಲೆ ನಮ್ಮ ಗಂಡಭೇರುಂಡ. ಆ ವರ್ಷದ ಕೊನೆಗೆ ಪೋರಬಂದರಿನಿಂದ ಹೊರಟು, 2026ರ ಜನವರಿಯಲ್ಲಿ ಮಸ್ಕತ್ ಮುಟ್ಟಿತು. ಅದನ್ನು ಹೊಲಿದವರು ಕೇರಳದ ಬಾಬು ಶಂಕರನ್ ಮತ್ತು ಅವರ ತಂಡ. ಅವರ ಕೈಗೆ ಆ ವಿದ್ಯೆ ಉಳಿದಿತ್ತು.

ನಮ್ಮ ಕಡೆ ಉಳಿದಿರುವುದನ್ನು ಬರೆದಿಡಲು ಮನೆ ಹುಡುಕಬೇಕಿಲ್ಲ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲೇ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಹೊನ್ನಾವರ, ತದಡಿ, ಗಂಗೊಳ್ಳಿಗಳ ವಯಸ್ಸಾದ ದೋಣಿ ಬಡಗಿಗಳನ್ನು ಅಲ್ಲಿಗೆ ಕರೆಸಿ, ಅವರ ಉಳಿ, ಅಳತೆ, ರಾಳ ಕಾಸುವ ಹದವನ್ನು ಚಿತ್ರೀಕರಿಸಬೇಕು. ವರದೆ, ತುಂಗಭದ್ರೆಗಳ ದಂಡೆಯಲ್ಲಿ ಬಿದಿರು ಹೆಣೆದು ಹರಿಗೋಲು ಕಟ್ಟುವವರನ್ನೂ ಅವರ ಪಕ್ಕದಲ್ಲಿ ಕೂರಿಸಬೇಕು. ಒಂದು ಸಣ್ಣ ದೋಣಿಯನ್ನಾದರೂ ವಿದ್ಯಾರ್ಥಿಗಳ ಕೈಯಲ್ಲಿ ಹೊಲಿಸಬೇಕು. ಆ ಬಡಗಿಗಳು ಬದುಕಿರುವಾಗಲೇ ಇದು ಆಗಬೇಕು.