ಮರಕಾನಾ ಕ್ರೀಡಾಂಗಣ

ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದಲ್ಲಿರುವ ಬೃಹತ್ ಫುಟ್‌ಬಾಲ್ ಕ್ರೀಡಾಂಗಣ. ರೂಢಿಯ ಹೆಸರು ಸಮೀಪದ ಮರಕಾನಾ ನದಿಯಿಂದ ಬಂದಿದೆ. ಅಧಿಕೃತ ಹೆಸರು, ಇದರ ನಿರ್ಮಾಣದ ಪರವಾಗಿ ಪತ್ರಿಕೆಯಲ್ಲಿ ಬಿಡದೆ ವಾದಿಸಿದ ಪತ್ರಕರ್ತ ಮಾರಿಯೊ ಫಿಲ್ಯೊನದು. 1948ರಲ್ಲಿ ಕೆಲಸ ಆರಂಭವಾಗಿ, ಪೂರ್ತಿ ಮುಗಿಯುವ ಮೊದಲೇ 1950ರ ಜೂನ್ 16ರಂದು ಉದ್ಘಾಟನೆಯಾಯಿತು. ಅದೇ ವರ್ಷ ಜುಲೈ 16ರಂದು ನಡೆದ ವಿಶ್ವಕಪ್‌ನ ನಿರ್ಣಾಯಕ ಪಂದ್ಯಕ್ಕೆ ಟಿಕೆಟ್ ಕೊಂಡು ಬಂದವರೇ 1,73,850 ಮಂದಿ. ಡ್ರಾ ಮಾಡಿಕೊಂಡರೂ ಸಾಕಿದ್ದ ಬ್ರೆಜಿಲ್, ಮೊದಲ ಗೋಲು ಹೊಡೆದೂ ಉರುಗ್ವೆಗೆ 1-2ರಿಂದ ಸೋತಿತು. 79ನೆಯ ನಿಮಿಷದಲ್ಲಿ ಉರುಗ್ವೆಯ ಆಟಗಾರ ಗಿಜ್ಜಿಯಾ ಗಳಿಸಿದ ಗೋಲಿಗೆ ಇಡೀ ಕ್ರೀಡಾಂಗಣ ಸ್ತಬ್ಧವಾಯಿತು. ‘ಮರಕಾನಾಸೊ’ ಎಂಬ ಹೆಸರಿನಲ್ಲಿ ಆ ಸೋಲು ಇಂದಿಗೂ ಚರ್ಚೆಯಲ್ಲಿದೆ. ಪೆಲೆ ತನ್ನ ಸಾವಿರದ ಗೋಲನ್ನು 1969ರ ನವೆಂಬರ್ 19ರಂದು ವಾಸ್ಕೊ ಡ ಗಾಮಾ ತಂಡದ ವಿರುದ್ಧ ಪೆನಾಲ್ಟಿಯಲ್ಲಿ ಇಲ್ಲಿಯೇ ಗಳಿಸಿದ.

ಫ್ಲಮೆಂಗೊ ಮತ್ತು ಫ್ಲುಮಿನೆನ್ಸೆ ತಂಡಗಳ ನಡುವಿನ ‘ಫ್ಲಾ-ಫ್ಲು’ ಪಂದ್ಯ ಇಲ್ಲಿನ ದೊಡ್ಡ ಹಬ್ಬ. ಒಂದು ಕಡೆ ಕೆಂಪು-ಕಪ್ಪು ಬಾವುಟಗಳು, ಇನ್ನೊಂದು ಕಡೆ ಅಭಿಮಾನಿಗಳು ಎರಚುವ ಬಿಳಿ ಪುಡಿಯ ಮೋಡ, ಜೊತೆಗೆ ನಿಲ್ಲದ ಡೋಲು. ಮೈದಾನದ ಸುತ್ತಲಿನ ‘ಜೆರಾಲ್’ ಅತಿ ಅಗ್ಗದ, ನಿಂತು ನೋಡುವ ಜಾಗವಾಗಿತ್ತು. ಆಟ ಸರಿಯಾಗಿ ಕಾಣದಿದ್ದರೂ ಬಡ ಪ್ರೇಕ್ಷಕರು ವೇಷ ಹಾಕಿ ಬಂದು ಅಲ್ಲಿ ನೆರೆಯುತ್ತಿದ್ದರು. 2005ರಲ್ಲಿ ಅದನ್ನು ತೆಗೆದುಹಾಕಲಾಯಿತು. ಕ್ರೀಡಾಂಗಣದ ವಿಶಿಷ್ಟ ಗದ್ದಲ ಬಹುಮಟ್ಟಿಗೆ ಅದರೊಂದಿಗೇ ಹೋಯಿತು.

1992ರಲ್ಲಿ ಮೇಲಂತಸ್ತಿನ ಕಟಕಟೆ ಮುರಿದು ಪ್ರೇಕ್ಷಕರು ಕೆಳಗೆ ಬಿದ್ದು ಮೂವರು ಸತ್ತ ಮೇಲೆ ಪ್ರೇಕ್ಷಕರ ಸಂಖ್ಯೆಗೆ ಮಿತಿ ಬಿತ್ತು. 2010-13ರ ಪುನರ್ನಿರ್ಮಾಣದ ನಂತರ ಆಸನಗಳು ಸುಮಾರು 78,000. 2014ರ ವಿಶ್ವಕಪ್ ಫೈನಲ್, 2016ರ ಒಲಿಂಪಿಕ್ಸ್‌ನ ಉದ್ಘಾಟನೆ ಮತ್ತು ಸಮಾರೋಪ ಇಲ್ಲಿ ನಡೆದವು.