ಪದ ಪರಿಚಯ: ಉಲ್ಲೇಖ

ಖಾನಾಪುರದ ತಹಶೀಲ್ದಾರ ಕಚೇರಿಯ ಪತ್ರವಿರಲಿ, ಬೆಳಗಾವಿ ಪಾಲಿಕೆಯ ನೋಟಿಸಿರಲಿ, ‘ವಿಷಯ’ದ ಕೆಳಗಿನ ಸಾಲು ‘ಉಲ್ಲೇಖ’ದ್ದು. ಮರಾಠಿ ಪತ್ರದಲ್ಲಿ ಆ ಜಾಗ ‘ಸಂದರ್ಭ’ಕ್ಕೆ ಮೀಸಲು.

ಪದ ಸಂಸ್ಕೃತದ್ದು: ಉತ್ + ಲೇಖ. ‘ಲಿಖ್’ ಧಾತುವಿಗೆ ಮೊದಲು ಗೀರು, ಕೆರೆ ಎಂಬ ಅರ್ಥ. ಬರೆಯುವುದು ಆಮೇಲೆ ಬಂತು. ಒಂದೇ ವಸ್ತು ಹಲವರಿಗೆ ಹಲವು ಬಗೆಯಾಗಿ ಕಾಣುವುದನ್ನು ಅಲಂಕಾರಶಾಸ್ತ್ರವೂ ‘ಉಲ್ಲೇಖ’ ಎಂದೇ ಕರೆಯುತ್ತದೆ.

ಕಾನೂನು ಪ್ರಬಂಧಗಳಲ್ಲಿ ಈ ಅಲಂಕಾರ ನಿಜವಾಗುತ್ತದೆ. ವಸತಿ ಹಕ್ಕಿನ ಬಗ್ಗೆ ಬರೆಯುವವರು ಬಿಡದೆ ಹೆಸರಿಸುವ ಓಲ್ಗಾ ಟೆಲ್ಲಿಸ್ ಪ್ರಕರಣವನ್ನೇ ನೋಡಿ. ಮುಂಬೈ ಫುಟ್‌ಪಾತ್ ನಿವಾಸಿಗಳ ಕುರಿತ ಆ ತೀರ್ಪು ಬಂದದ್ದು 1985ರ ಜುಲೈ 10ರಂದು. ‘(1985) 3 ಎಸ್‌ಸಿಸಿ 545’ ಎಂದರೂ ಅದೇ, ‘ಎಐಆರ್ 1986 ಎಸ್‌ಸಿ 180’ ಎಂದರೂ ಅದೇ. ಎರಡೂ ತೀರ್ಪುಗಳನ್ನು ಪ್ರಕಟಿಸುವ ವರದಿಮಾಲೆಗಳು. ಎಸ್‌ಸಿಸಿಯಲ್ಲಿ ಮೊದಲಿಗೆ ವರ್ಷ, ಆಮೇಲೆ ವರದಿಮಾಲೆ; ಎಐಆರ್‌ನಲ್ಲಿ ಮೊದಲಿಗೆ ವರದಿಮಾಲೆ, ಆಮೇಲೆ ವರ್ಷ. ಎರಡರಲ್ಲೂ ಕೊನೆಗೆ ಪುಟ. ಎಸ್‌ಸಿಸಿಯಲ್ಲಿ ನಡುವೆ ಸಂಪುಟದ ಸಂಖ್ಯೆಯೂ ಸೇರುತ್ತದೆ. ವರ್ಷ ವರದಿಮಾಲೆಯದು, ತೀರ್ಪಿನದಲ್ಲ.

ಕಾಯ್ದೆಗಳಲ್ಲೂ ಇಂಥ ತೊಡಕುಂಟು. ಕರ್ನಾಟಕ ಬಾಡಿಗೆ ಅಧಿನಿಯಮದ ಹೆಸರಿನಲ್ಲಿರುವುದು 1999. ಅದರ ಸಂಖ್ಯೆ ಮಾತ್ರ 2001ರ 34. ಕೇಂದ್ರದ ರಿಯಲ್ ಎಸ್ಟೇಟ್ (ರೇರಾ) ಕಾಯ್ದೆಯಲ್ಲಿ ಈ ಗೊಂದಲವಿಲ್ಲ: ಅದು 2016ರದು, ಸಂಖ್ಯೆ 16.

ಈಚೆಗೆ ವರದಿಮಾಲೆಗಳ ಹಂಗಿಲ್ಲದೆ ನ್ಯಾಯಾಲಯಗಳೇ ತೀರ್ಪುಗಳಿಗೆ ಸಂಖ್ಯೆ ಕೊಡುತ್ತಿವೆ. ಬೆಳಗಾವಿ, ಖಾನಾಪುರದ ಮೇಲ್ಮನವಿಗಳು ಹೋಗುವ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠದ ಗುರುತು ‘ಕೆಎಚ್‌ಸಿ-ಡಿ’. ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜಿನ ವಿದ್ಯಾರ್ಥಿ ತನ್ನೂರಿನ ಬಾಡಿಗೆ ವ್ಯಾಜ್ಯದ ಬಗ್ಗೆ ಬರೆಯಹೊರಟರೆ ಅಡಿಟಿಪ್ಪಣಿಯಲ್ಲಿ ಹೆಚ್ಚಾಗಿ ಎದುರಾಗುವುದು ಆ ‘ಡಿ’ಯೇ.