ಬಳ್ಳಿಗಾವೆಯ ಕೋಡಿಯ ಮಠದ ಚಿಕಿತ್ಸಾಲಯ

ಮಲೆನಾಡಿನ ಇತಿಹಾಸವನ್ನು ಅಭ್ಯಾಸ ಮಾಡುವವರಿಗೆ ರೈಸ್ ಸಾಹೇಬರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಎರಡು ಸಂಪುಟಗಳು ಅನಿವಾರ್ಯವಾದವು. ತೀರ್ಥಹಳ್ಳಿ, ಸಾಗರ, ನಗರ ಸೀಮೆಗಳ ಶಾಸನಗಳು ೧೯೦೪ರ ಎಂಟನೆಯ ಸಂಪುಟದಲ್ಲಿವೆ. ನೆರೆಯ ಶಿಕಾರಿಪುರದವು ೧೯೦೨ರ ಏಳನೆಯದರಲ್ಲಿ. ಈ ಏಳನೆಯ ಸಂಪುಟದ ಶಿಕಾರಿಪುರ ೧೦೨ನೆಯ ಶಾಸನವನ್ನು ಕುರಿತು ಕೆಲವು ಮಾತುಗಳನ್ನು ಹೇಳಬಯಸುತ್ತೇವೆ. ವಿದ್ಯಾಸ್ಥಾನವೊಂದರ ಆವರಣದಲ್ಲಿದ್ದು, ಈಗ ಕಟ್ಟಡವೇ ಉಳಿಯದಿರುವ ಚಿಕಿತ್ಸಾಲಯಕ್ಕೆ ಅದೇ ಸಾಕ್ಷಿಯಾಗಿದೆ.

ಶಾಸನದ ಕಾಲ ಕ್ರಿ.ಶ. ೧೧೬೨, ಕಳಚುರಿ ಬಿಜ್ಜಳನ ಆಳ್ವಿಕೆ. ಬಳ್ಳಿಗಾವೆಯ ಕೆರೆಯ ಕೋಡಿಯ ಬಳಿ ಇದ್ದುದರಿಂದ ಕೇದಾರೇಶ್ವರ ದೇವಾಲಯದ ಈ ಕಾಳಾಮುಖ ಮಠಕ್ಕೆ ಕೋಡಿಯ ಮಠವೆಂದು ಹೆಸರು. ಆಗ ಅದರ ಆಚಾರ್ಯನಾಗಿದ್ದವನು ವಾಮಶಕ್ತಿ. ನಾಲ್ಕು ವೇದಗಳು, ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳು, ನ್ಯಾಯ, ವೈಶೇಷಿಕ, ಸಾಂಖ್ಯಾದಿ ದರ್ಶನಗಳು, ಲಾಕುಲ ಸಿದ್ಧಾಂತ, ಪುರಾಣ, ಕಾವ್ಯ, ನಾಟಕ ಇವೆಲ್ಲಕ್ಕೂ ಅದು ನೆಲೆಯೆಂದು ಶಾಸನ ವರ್ಣಿಸುತ್ತದೆ. ದರ್ಶನಗಳ ಸಾಲಿನಲ್ಲಿ ಬೌದ್ಧವೂ ಸೇರಿರುವುದು ಗಮನಾರ್ಹ; ಶೈವಮಠದ ವಿಷಯದಲ್ಲಿ ಇದನ್ನು ಅನೇಕರು ನಿರೀಕ್ಷಿಸಲಾರರು. ದೀನರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನದಾನವಾಗುವ ಸ್ಥಾನವೆಂದು ಹೇಳಿ, ಅನಾಥ ರೋಗಿಗಳಿಗೆ ಚಿಕಿತ್ಸೆ ನಡೆಯುವ ಸ್ಥಾನವೆಂದು ಬೇರೆಯಾಗಿಯೇ ಹೇಳಿದೆ.

ಇದು ಬರಿಯ ಪ್ರಶಸ್ತಿಯ ಮಾತಲ್ಲವೇ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪಕ್ಕೆ ಆಧಾರವಿಲ್ಲದಿಲ್ಲ. ಈ ವರ್ಣನೆಯಲ್ಲಿ ವೈದ್ಯರ ಹೆಸರಿಲ್ಲ, ಹಾಸಿಗೆಗಳ ಎಣಿಕೆಯಿಲ್ಲ. ತಮಿಳುನಾಡಿನ ತಿರುಮುಕ್ಕೂಡಲಿನಲ್ಲಿ ಇದಕ್ಕೆ ಸುಮಾರು ನೂರು ವರ್ಷ ಹಿಂದಿನ, ಚೋಳ ವೀರರಾಜೇಂದ್ರನ ಕಾಲದ ಶಾಸನವೊಂದಿದೆ. ಅಲ್ಲಿಯೂ ದೇವಾಲಯಕ್ಕೆ ಸೇರಿದಂತೆ ವೇದಪಾಠಶಾಲೆ, ವಿದ್ಯಾರ್ಥಿಗಳ ವಸತಿ, ಆತುರಶಾಲೆ ಇದ್ದವು. ಆ ಶಾಸನವಾದರೋ ೧೫ ಹಾಸಿಗೆಗಳನ್ನೂ, ಒಬ್ಬ ವೈದ್ಯನನ್ನೂ, ಒಬ್ಬ ಶಸ್ತ್ರವೈದ್ಯನನ್ನೂ, ಮೂಲಿಕೆ ತರುವವರನ್ನೂ, ದಾದಿಯರನ್ನೂ, ಅವರ ವೇತನವನ್ನೂ, ಸಂಗ್ರಹಿಸಿಡಬೇಕಾದ ಔಷಧಿಗಳನ್ನೂ ಲೆಕ್ಕ ಹಾಕಿ ಕೊಡುತ್ತದೆ.

ಹೀಗಿದ್ದರೂ ಬಳ್ಳಿಗಾವೆಯ ಮಾತನ್ನು ತಳ್ಳಿಹಾಕುವುದು ಸರಿಯಲ್ಲವೆಂದೇ ನಮ್ಮ ಅಭಿಪ್ರಾಯ. ಅನ್ನವನ್ನೂ ಔಷಧವನ್ನೂ ಬೇರ್ಪಡಿಸಿ ಹೇಳಿರುವುದರಿಂದ ಚಿಕಿತ್ಸೆಯು ಅನ್ನಛತ್ರದ ಅಂಗವಾಗಿರದೆ ಪ್ರತ್ಯೇಕ ವ್ಯವಸ್ಥೆಯಾಗಿದ್ದಿತೆಂದು ಊಹಿಸಬಹುದು. ತಿರುಮುಕ್ಕೂಡಲು ಇಂಥ ವ್ಯವಸ್ಥೆ ಆ ಕಾಲಕ್ಕೆ ಅಪರಿಚಿತವಲ್ಲವೆಂದು ತೋರಿಸುತ್ತದೆ. ಅದರ ಅಂಕಿಗಳನ್ನು ಮಾತ್ರ ನಮ್ಮ ಮಠಕ್ಕೆ ಎರವಲು ತರಬಾರದು. ಪಾಠವಿಷಯಗಳಲ್ಲಿ ವೈದ್ಯಶಾಸ್ತ್ರವನ್ನು ಬಿಡಿಸಿ ಹೇಳಿಲ್ಲವಾದ ಕಾರಣ ಇದನ್ನು ವೈದ್ಯವಿದ್ಯಾಲಯವೆಂದು ಕರೆಯುವುದೂ ಅತಿಯಾದೀತು.

ಬಳ್ಳಿಗಾವೆಗೆ ಹೋಗುವ ವಿದ್ಯಾರ್ಥಿಗಳು ಕೇದಾರೇಶ್ವರದ ತ್ರಿಕೂಟವನ್ನೂ ಹೊಯ್ಸಳ ಲಾಂಛನವನ್ನೂ ನೋಡಿ ಮರಳುತ್ತಾರೆ. ಕಲ್ಲಿನ ಗುಡಿ ಉಳಿದಿದೆ. ಓದಿದವರ, ಉಂಡವರ, ರೋಗದಿಂದ ಮಲಗಿದವರ ಕಟ್ಟಡಗಳು ಅಳಿದಿವೆ. ಶಾಸನದ ಪಾಠವನ್ನು ಕೈಯಲ್ಲಿ ಹಿಡಿದು ಗುಡಿಯ ಸುತ್ತಲ ನೆಲವನ್ನೂ ಅವರು ಒಮ್ಮೆ ನಡೆದು ನೋಡಬೇಕು.